ಎಲ್ಲ ನೀಲಿ ಕಾರೂ ಬುಗಾಟಿಯಲ್ಲ

ಹಳೆಯ ಫ್ರೆಂಚ್ ಕಾರುಗಳ ಫೋಟೊ ನೋಡುವವರಿಗೆಲ್ಲ ಗೊತ್ತಿರುವ ಒಂದು ಕಿರಿಕಿರಿ ಇದೆ. ಕಪ್ಪು ಬಿಳುಪು ಚಿತ್ರ. ಗಿಡ್ಡನೆಯ ತೆರೆದ ಕಾರು, ಎರಡೇ ಸೀಟು, ತಂತಿ ಕಡ್ಡಿಯ ಗಾಲಿ, ಹಿಂದೆ ದೋಣಿಯ ಮೂತಿಯಂತೆ ಚೂಪಾಗುವ ಬಾಲ. ಕೆಳಗೆ ‘ಬುಗಾಟಿ’ ಎಂದು ಬರೆದಿರುತ್ತದೆ. ರೇಡಿಯೇಟರ್ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಅದು ಬುಗಾಟಿ ಅಲ್ಲವೆಂದು ಗೊತ್ತಾಗುತ್ತದೆ. ಅಮಿಲ್ಕಾರ್ ಇರಬಹುದು, ಸಾಲ್ಮ್‌ಸನ್ ಇರಬಹುದು, ಬಿಎನ್‌ಸಿಯೋ ರಾಲಿಯೋ ಸೆನೆಶಾಲೋ ಇರಬಹುದು. ಬರೆದವರಿಗೆ ಗೊತ್ತಿದ್ದದ್ದು ಒಂದೇ ಹೆಸರು, ಅದು ಚಿತ್ರಕ್ಕೆ ಅಂಟಿಕೊಂಡಿತು. ಅಂಟಿದ ಹೆಸರು ಚಿತ್ರದ ಜೊತೆಯಲ್ಲೇ ಊರೂರು ಸುತ್ತುತ್ತದೆ. ಅಲ್ಲಿಂದ ಮುಂದೆ ಅದನ್ನು ಕೀಳುವುದು ಕಷ್ಟ.

ತಪ್ಪು ಯಾರಿಂದಲಾದರೂ ಆಗುತ್ತದೆ. ಆದರೆ ಈ ತಪ್ಪುಗಳೆಲ್ಲ ಒಂದೇ ಕಡೆಗೆ ವಾಲುತ್ತವಲ್ಲ, ಅದು ನನ್ನನ್ನು ಕಾಡುತ್ತದೆ. ಸೆನೆಶಾಲ್ ಕಾರನ್ನು ಬುಗಾಟಿ ಎಂದು ಕರೆದವರು ಬೇಕಾದಷ್ಟು ಮಂದಿ. ಬುಗಾಟಿಯನ್ನು ಸೆನೆಶಾಲ್ ಎಂದು ಕರೆದವರನ್ನು ಹುಡುಕಿದರೂ ಸಿಗುವುದಿಲ್ಲ. ಸಣ್ಣ ಕಾರ್ಖಾನೆಯ ಕೆಲಸವೆಲ್ಲ ಹೀಗೆ ದೊಡ್ಡ ಹೆಸರಿನ ಖಾತೆಗೆ ಜಮೆಯಾಗುತ್ತ ಹೋದರೆ, ಪ್ಯಾರಿಸ್ ಸುತ್ತಲಿನ ಲವಾಲ್ವಾ, ಕೂರ್ಬ್‌ವ್ವಾ, ಅನಿಯೇರ್, ಕೊಲೋಂಬ್ ಎಂಬ ಊರುಗಳ ಶೆಡ್ಡುಗಳಲ್ಲಿ ಹತ್ತಾರು ಮಂದಿ ಕಟ್ಟಿದ ಕಾರುಗಳು ಇದ್ದವೆಂಬುದೇ ಮರೆತುಹೋಗುತ್ತದೆ.

ಅಷ್ಟೊಂದು ಸಣ್ಣ ಕಂಪನಿಗಳು ಒಮ್ಮೆಲೇ ಹುಟ್ಟಿದ್ದಕ್ಕೆ, ಅವುಗಳ ಕಾರುಗಳು ಒಂದೇ ಬಸಿರಿನ ಮಕ್ಕಳಂತೆ ಕಾಣುವುದಕ್ಕೆ ಒಂದೇ ಕಾರಣ: ತೆರಿಗೆ. 1920ರ ಫ್ರೆಂಚ್ ಕಾನೂನಿನಲ್ಲಿ ‘ಸೈಕಲ್‌ಕಾರ್’ ಎಂಬ ಬೇರೆ ವರ್ಗವೇ ಇತ್ತು. ತೂಕ 350 ಕಿಲೋ ಒಳಗೆ, ಎಂಜಿನ್ 1100 ಸಿಸಿ ಒಳಗೆ, ಎರಡಕ್ಕಿಂತ ಹೆಚ್ಚು ಸೀಟು ಇರಕೂಡದು. ಈ ಮಿತಿಯಲ್ಲಿದ್ದರೆ ತೆರಿಗೆ ಬಹಳ ಕಡಿಮೆ. ಆ ಮಿತಿಯೊಳಗೆ ವೇಗದ ಕಾರು ಮಾಡಹೊರಟವರೆಲ್ಲ ಹೆಚ್ಚುಕಡಿಮೆ ಒಂದೇ ಆಕಾರಕ್ಕೆ ಬಂದು ನಿಂತರು. ಎಂಜಿನ್ನನ್ನು ತಾವೇ ಮಾಡಿಕೊಂಡವರು ಕೆಲವರು ಮಾತ್ರ. ಉಳಿದವರು ರೂಬಿ, ಸ್ಕಾಪ್, ಸಿಮ್, ಶಾಪ್ವಿ-ದಾರ್ನಿಯೇ ಮುಂತಾದ ಎಂಜಿನ್ ತಯಾರಕರಿಂದ ಕೊಂಡು ಕೂರಿಸುತ್ತಿದ್ದರು. ಮೈಯನ್ನು ಇನ್ನೊಬ್ಬರು ಕಟ್ಟುತ್ತಿದ್ದರು. ದೀಪ, ಗಾಲಿ, ಮೀಟರುಗಳೆಲ್ಲ ಅಂಗಡಿಯ ಸರಕು. ಬಾನೆಟ್ ತೆರೆದ ಫೋಟೊದಲ್ಲಿ ಎಂಜಿನ್ ಮೇಲೆ ‘ರೂಬಿ’ ಎಂದು ಓದಲು ಬಂದರೆ ಆ ಹೆಸರು ಎಂಜಿನ್ನಿನದು, ಕಾರಿನದಲ್ಲ.

1927ರ ಸೆಪ್ಟೆಂಬರ್ 14ರ ರಾತ್ರಿ ನೀಸ್ ನಗರದ ಕಡಲ ದಂಡೆಯ ರಸ್ತೆಯಲ್ಲಿ ನರ್ತಕಿ ಇಸಡೋರಾ ಡಂಕನ್ ತೆರೆದ ಕಾರೊಂದರಲ್ಲಿ ಹೊರಟರು. ಕೊರಳಿಗೆ ಸುತ್ತಿದ್ದ ಉದ್ದನೆಯ ರೇಷ್ಮೆ ಶಾಲು ಗಾಲಿಗೆ ಸಿಕ್ಕಿಕೊಂಡು ಅವರ ಪ್ರಾಣ ಹೋಯಿತು. ಈ ಸಾವಿನ ಕತೆ ಹೇಳುವವರಲ್ಲಿ ಹೆಚ್ಚಿನವರು ಇವತ್ತಿಗೂ ಆ ಕಾರನ್ನು ಬುಗಾಟಿ ಎನ್ನುತ್ತಾರೆ. ಅದು ಅಮಿಲ್ಕಾರ್. ಕಾರು ಓಡಿಸುತ್ತಿದ್ದ ಮೆಕ್ಯಾನಿಕ್ ಬೆನ್ವಾ ಫಾಲ್ಕೆಟ್ಟೊನನ್ನು ಇಸಡೋರಾ ‘ಬುಗಾಟಿ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಗೊಂದಲಕ್ಕೆ ಅದೂ ಒಂದು ಕಾರಣ. ಆದರೆ ಅಮಿಲ್ಕಾರ್‌ನ ಸ್ಪೋರ್ಟ್ಸ್ ಮಾದರಿಗಳ ಫೋಟೊ ತೆಗೆದು ಪಕ್ಕದಿಂದ ನೋಡಿ: ಮೈಯ ಅಂಚು ಮೊಣಕೈಗಿಂತ ಕೆಳಗಿದೆ, ಹಿಂದಿನ ಗಾಲಿ ಕೂತವರ ಭುಜದ ಪಕ್ಕದಲ್ಲೇ ಇದೆ, ಗಾಲಿಯ ಕಡ್ಡಿಗಳು ಬಯಲಾಗಿವೆ. ಅಂದು ಆದದ್ದು ಹೇಗೆಂದು ಆ ಕಾರಿನ ಅಳತೆಗಳೇ ಹೇಳುತ್ತವೆ. ಹೆಸರು ತಪ್ಪಾದರೆ ಇಷ್ಟೂ ಕೈಬಿಟ್ಟುಹೋಗುತ್ತದೆ.

ಮೊದಲು ಫೋಟೊ, ಆಮೇಲೆ ಕಾರು

ಕಾರನ್ನು ಗುರುತಿಸುವ ಮೊದಲು ಫೋಟೊವನ್ನೇ ಅನುಮಾನಿಸಬೇಕು. ಮೊದಲನೆಯದು ಎಡಬಲ. 1920ರ ದಶಕದ ಪತ್ರಿಕಾ ಫೋಟೊಗಳು ಬಹುತೇಕ ಗಾಜಿನ ಪ್ಲೇಟುಗಳು. ರೋಲ್, ಮ್ಯೂರಿಸ್ ಎಂಬ ಏಜೆನ್ಸಿಗಳ ಸಾವಿರಾರು ಪ್ಲೇಟುಗಳನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ‘ಗಾಲಿಕಾ’ ಎಂಬ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ನೇರವಾಗಿರುವ ಚಿತ್ರ ಬೇರೆಡೆಗೆ ಹೋಗುವಷ್ಟರಲ್ಲಿ ಎಷ್ಟೋ ಸಲ ಕನ್ನಡಿಯ ಬಿಂಬದಂತೆ ತಿರುಗಿಬಿಟ್ಟಿರುತ್ತದೆ. ಅಕ್ಷರವೋ ಅಂಕಿಯೋ ಕಂಡರೆ ಪರೀಕ್ಷೆ ಸುಲಭ. ಏನೂ ಕಾಣದಿದ್ದರೆ ಸ್ಟೀರಿಂಗ್ ನೋಡಬೇಕು. ಬಲಗಡೆ ಸ್ಟೀರಿಂಗ್ ನಮ್ಮ ಕಣ್ಣಿಗೆ ಸಹಜವಾದ್ದರಿಂದ ನಾವು ಅದನ್ನು ಗಮನಿಸುವುದೇ ಇಲ್ಲ. ಯುರೋಪಿನವರು ಗಮನಿಸಿ, ‘ಹಾಗಾದರೆ ಇದು ಇಂಗ್ಲೆಂಡಿನ ಕಾರು’ ಎಂದುಬಿಡುತ್ತಾರೆ. ಎರಡೂ ತಪ್ಪೇ. ಫ್ರಾನ್ಸಿನ ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೀರಿಂಗ್ ಬಹಳ ಕಾಲ ಬಲಗಡೆಯೇ ಇತ್ತು. ಬುಗಾಟಿ, ದಲಾಜ್, ದಲಾಹಾಯ್ ಎಲ್ಲ ಹಾಗೆಯೇ. ಆದ್ದರಿಂದ 20ರ ದಶಕದ ಫ್ರೆಂಚ್ ಸ್ಪೋರ್ಟ್ಸ್ ಕಾರಿನಲ್ಲಿ ಎಡಗಡೆ ಸ್ಟೀರಿಂಗ್ ಕಂಡರೆ, ಚಿತ್ರ ತಿರುಗಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಎರಡನೆಯದು ಬಣ್ಣ. ಆ ಕಾಲದ ಪ್ಲೇಟುಗಳು ನೀಲಿ ಬೆಳಕಿಗೆ ತುಂಬಾ ಸೂಕ್ಷ್ಮ, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ನೀಲಿ ಚಿತ್ರದಲ್ಲಿ ತೆಳುವಾಗಿ, ಕೆಲವೊಮ್ಮೆ ಬಿಳಿಯಂತೆಯೇ ಕಾಣುತ್ತದೆ. ಕೆಂಪು ಕಪ್ಪಾಗುತ್ತದೆ. ರೇಸಿನಲ್ಲಿ ಫ್ರಾನ್ಸಿನ ಬಣ್ಣ ನೀಲಿ, ಇಟಲಿಯದು ಕೆಂಪು. 1924ರ ಚಿತ್ರದಲ್ಲಿ ಮಾಸಲು ಬಿಳುಪಾಗಿ ಕಾಣುವ ಕಾರು ನೀಲಿಯದೇ ಇರಬಹುದು, ಕಪ್ಪಗೆ ಕಾಣುವ ಕಾರು ಕೆಂಪಿರಬಹುದು. ಚಿತ್ರಕ್ಕೆ ಬಣ್ಣ ತುಂಬುವ ಈಗಿನ ಸಾಫ್ಟ್‌ವೇರ್‌ಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಳುಪಿಗೆ ಕೆನೆಬಣ್ಣ, ಕಪ್ಪಿಗೆ ಹಸಿರು ಬಳಿದು ಕೊಟ್ಟುಬಿಡುತ್ತವೆ. ಅಂಥ ಚಿತ್ರದ ಬಣ್ಣದ ಮೇಲೆ ನಿಂತು ದೇಶ ಹೇಳಬಾರದು.

ಮೂರನೆಯದು ಆಕಾರದ ಸೊಟ್ಟು. ಇದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಕಾರ್ ಫೋಟೊವೇ ಸಾಕ್ಷಿ. ಝಾಕ್ ಆನ್ರಿ ಲಾರ್ತಿಗ್ ಎಂಬ ಹುಡುಗ ಗ್ರ್ಯಾನ್ ಪ್ರೀ ರೇಸಿನ ರಸ್ತೆಬದಿಯಲ್ಲಿ ನಿಂತು ತೆಗೆದ ಚಿತ್ರ ಅದು. ಕಾರಿನ ಮೂತಿ ಚೌಕಟ್ಟಿನ ಆಚೆ ಹೋಗಿಬಿಟ್ಟಿದೆ. ಉಳಿದಿರುವುದು ಹಿಂಭಾಗ, ಚಾಲಕ, ಪಕ್ಕದ ಮೆಕ್ಯಾನಿಕ್, ಮತ್ತು 6 ಎಂಬ ಅಂಕಿ. ಹಿಂದಿನ ಗಾಲಿ ಮೊಟ್ಟೆಯಾಕಾರವಾಗಿ ಮುಂದಕ್ಕೆ ಬಾಗಿದೆ. ರಸ್ತೆಬದಿಯ ಜನರೂ ಕಂಬವೂ ಹಿಂದಕ್ಕೆ ಬಾಗಿವೆ. ಕ್ಯಾಮೆರಾದ ಪರದೆಯಲ್ಲಿ ಸಣ್ಣದೊಂದು ಸೀಳು ಮಾತ್ರ ಇದ್ದು, ಅದು ಪ್ಲೇಟಿನ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತಿತ್ತು. ದೃಶ್ಯದ ಕೆಳಭಾಗ ಮೊದಲು ಮೂಡಿ, ಮೇಲ್ಭಾಗ ಮೂಡುವಷ್ಟರಲ್ಲಿ ಕಾರು ಮುಂದೆ ಸರಿದಿತ್ತು. ಲಾರ್ತಿಗ್ ಕ್ಯಾಮೆರಾವನ್ನೂ ಕಾರಿನ ಜೊತೆ ತಿರುಗಿಸಿದ್ದರಿಂದ, ನಿಂತವರು ಎದುರು ದಿಕ್ಕಿಗೆ ಬಾಗಿದರು.

ಆ ಚಿತ್ರವನ್ನು ದಶಕಗಳ ಕಾಲ ‘1912, ದಲಾಜ್ ಕಾರು’ ಎಂದೇ ಅಚ್ಚು ಹಾಕಲಾಯಿತು. ಆಮೇಲೆ ಯಾರೋ ಆ 6ರ ಬೆನ್ನು ಹತ್ತಿದರು. ಅದು 1913ರ ಜುಲೈ 12ರಂದು ಅಮಿಯಾಂ ಬಳಿ ನಡೆದ ರೇಸು. ಆ ಅಂಕಿ ಬೆಸಾಂಸೋಂ ಊರಿನ ತೇಯೊಡೋರ್ ಶ್ನೈಡರ್ ಕಂಪನಿಯ ಕಾರಿನದು, ಓಡಿಸಿದವರು ಮೊರಿಸ್ ಕ್ರೊಕೆ. ಇಲ್ಲೂ ಅದೇ ವಾಲಿಕೆ ನೋಡಿ. ಶ್ನೈಡರ್ ಹೆಸರು ಮರೆತಿತ್ತು, ದಲಾಜ್ ಹೆಸರು ನೆನಪಿತ್ತು. ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ತೂಗುವ ಚಿತ್ರವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ಆ ಚಿತ್ರದಿಂದ ದಿನದಿನದ ಕೆಲಸಕ್ಕೆ ಸಿಗುವ ಪಾಠ ದೊಡ್ಡದು. ಗಾಲಿ ಮೊಟ್ಟೆಯಾಕಾರವಾಗಿ ಒಂದು ಕಡೆ ಒರಗಿದ್ದರೆ, ಆ ಚಿತ್ರದಲ್ಲಿ ಯಾವ ಓರೆಯನ್ನೂ ನಂಬಬಾರದು. ಬಿಎನ್‌ಸಿ ಕಂಪನಿಯ ಸ್ಪೋರ್ಟ್ಸ್ ಮಾದರಿಗಳ ಗುರುತೇ ಹಿಂದಕ್ಕೆ ಒರಗಿದ ರೇಡಿಯೇಟರ್. ಓಡುವ ಕಾರಿನ ಸೊಟ್ಟ ಫೋಟೊದಲ್ಲಿ ನೆಟ್ಟಗಿನ ರೇಡಿಯೇಟರ್ ಓರೆಯಾಗುತ್ತದೆ, ಓರೆಯದು ನೆಟ್ಟಗಾಗುತ್ತದೆ. ಆದರೆ ಎಣಿಕೆ ಕೆಡುವುದಿಲ್ಲ. ಗಾಲಿಗೆ ಎಷ್ಟು ನಟ್ಟು, ಬಾನೆಟ್ ಪಕ್ಕದಲ್ಲಿ ಗಾಳಿಗಂಡಿಗಳ ಎಷ್ಟು ಸಾಲು, ಮುಂದಿನ ಗಾಲಿಗೆ ಬ್ರೇಕ್ ಡ್ರಮ್ ಇದೆಯೇ ಇಲ್ಲವೇ? ಇವು ಯಾವ ಸೊಟ್ಟಿನಲ್ಲೂ ಅಷ್ಟೇ ಇರುತ್ತವೆ. ಮೊದಲು ಎಣಿಸಿ ಬರೆದಿಟ್ಟುಕೊಂಡು, ಆಮೇಲೆ ಆಕಾರಕ್ಕೆ ಬರುವುದು ಒಳ್ಳೆಯದು.

ಮೈಗಿಂತ ಮೂಳೆ

ಮೈಯನ್ನು ಯಾರು ಬೇಕಾದರೂ ಬದಲಿಸಬಹುದಿತ್ತು, ಬದಲಿಸಿದ್ದೂ ಉಂಟು. ಮಾಮೂಲಿ ಅಮಿಲ್ಕಾರ್ ಕಾರುಗಳ ಹಳೆಯ ಮೈ ಕಳಚಿ, ಚೂಪು ಬಾಲದ ಸ್ಪೋರ್ಟ್ಸ್ ಮೈ ಕೂರಿಸಿದವು ಈಗಿನ ರ‍್ಯಾಲಿಗಳಲ್ಲಿ ಕಾಣಸಿಗುತ್ತವೆ. ಚಾಸಿ, ಆಕ್ಸಲ್, ಸ್ಪ್ರಿಂಗುಗಳನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಅದಕ್ಕೇ ಕಣ್ಣು ಗಾಲಿಯ ಮಟ್ಟಕ್ಕೆ ಇಳಿಯಬೇಕು.

ಲಾರಿಯ ಗಾಲಿಯ ಮೇಲೆ ಪಟ್ಟಿಯ ಮೇಲೆ ಪಟ್ಟಿ ಜೋಡಿಸಿ ಕಟ್ಟಿದ ಪ್ಲೇಟುಗಳ ಕಮಾನು ಇರುತ್ತದಲ್ಲ, ಅದರ ಎರಡೂ ತುದಿ ಚಾಸಿಗೆ, ನಡುಭಾಗ ಆಕ್ಸಲಿಗೆ. ಈ ಕಮಾನನ್ನು ನಡುವೆ ತುಂಡು ಮಾಡಿ ಒಂದು ಹೋಳನ್ನು ಮಾತ್ರ ಬಳಸಿದರೆ ಒಂದು ತುದಿ ಚಾಸಿಗೆ ಬಿಗಿ, ಇನ್ನೊಂದು ತುದಿಗೆ ಆಕ್ಸಲ್. ಇದನ್ನು ಕಾಲು ಕಮಾನು ಎನ್ನೋಣ. ಹಗುರ, ಅಗ್ಗ. ಸೈಕಲ್‌ಕಾರ್‌ಗಳಿಗೆ ಹೇಳಿ ಮಾಡಿಸಿದ್ದು. ಅಮಿಲ್ಕಾರ್ ಸಿಜಿಎಸ್ ಮಾದರಿಯಲ್ಲಿ ಹಿಂದಿನ ಸ್ಪ್ರಿಂಗು ಕಾಲು ಕಮಾನು. ಚಾಸಿ ಆಕ್ಸಲಿಗಿಂತ ಮುಂದೆಯೇ ಮುಗಿಯುತ್ತದೆ, ಕಮಾನು ಅಲ್ಲಿಂದ ಹಿಂದಕ್ಕೆ ಚಾಚಿ ಆಕ್ಸಲನ್ನು ಹಿಡಿಯುತ್ತದೆ. ಬುಗಾಟಿಯಲ್ಲೂ ಹಿಂದೆ ಕಾಲು ಕಮಾನೇ, ಆದರೆ ತಿರುವುಮುರುವು. ಚಾಸಿ ಆಕ್ಸಲನ್ನು ದಾಟಿ ಹಿಂದೆ ಹೋಗುತ್ತದೆ, ಕಮಾನನ್ನು ಅದರ ಹಿಂತುದಿಗೆ ಬಿಗಿದಿದೆ, ಅಲ್ಲಿಂದ ಅದು ಮುಂದಕ್ಕೆ ಚಾಚಿ ಆಕ್ಸಲಿಗೆ ಬರುತ್ತದೆ. ಪಕ್ಕದಿಂದ ತೆಗೆದ ಒಂದು ಸ್ಪಷ್ಟ ಫೋಟೊದಲ್ಲಿ, ಹಿಂದಿನ ಗಾಲಿಯ ಕಡ್ಡಿಗಳ ಸಂದಿನಲ್ಲೇ ಇದನ್ನು ನೋಡಬಹುದು. ಕಮಾನು ಗಾಲಿಯ ಮುಂದಿನಿಂದ ಬಂದಿದೆಯೋ ಹಿಂದಿನಿಂದ ಬಂದಿದೆಯೋ? ಈ ಒಂದು ಪ್ರಶ್ನೆಗೇ ಎಷ್ಟೋ ‘ಬುಗಾಟಿ’ಗಳು ಬಿದ್ದುಹೋಗುತ್ತವೆ. ಮುಂದಿನಿಂದ ತೆಗೆದ ಚಿತ್ರವಾದರೆ, 1924ರ ಬುಗಾಟಿ ಟೈಪ್ 35 ಮತ್ತು ಅದರ ಸಂತತಿಯಲ್ಲಿ ಮುಂದಿನ ಆಕ್ಸಲಿಗೆ ಕಿಂಡಿ ಕೊರೆದು ಕಮಾನನ್ನು ಆ ಕಿಂಡಿಯೊಳಗಿಂದಲೇ ಹಾಯಿಸಿದ್ದಾರೆ. ಕಮಾನು ಆಕ್ಸಲಿನ ಮೇಲೆ ಕೂತಿದ್ದರೆ ಅದು ಆ ಸಂತತಿಯದಲ್ಲ.

ರೇಡಿಯೇಟರಿನ ಬಗ್ಗೆ ಎಲ್ಲರಿಗೂ ಗೊತ್ತಿರುವ ಸೂತ್ರ, ಕುದುರೆ ಲಾಳದ ಆಕಾರವಿದ್ದರೆ ಬುಗಾಟಿ ಎಂಬುದು. ಈ ಸೂತ್ರ ಎರಡೂ ಕಡೆ ಸೋಲುತ್ತದೆ. ‘ಬ್ರೆಶಾ’ ಎಂದು ಕರೆಯುವ ಆರಂಭದ ಬುಗಾಟಿಗಳ ರೇಡಿಯೇಟರು ಪೇರುಹಣ್ಣಿನಂತೆ ದುಂಡು, ಅಲ್ಲಿ ಲಾಳವಿಲ್ಲ. ಇನ್ನೊಂದು ಕಡೆ, ಮಸುಕು ಚಿತ್ರದಲ್ಲಿ ಮೇಲಂಚು ಗುಂಡಗಿರುವ ಯಾವ ರೇಡಿಯೇಟರಾದರೂ ಲಾಳದಂತೆಯೇ ಕಾಣುತ್ತದೆ. ಸಾಲ್ಮ್‌ಸನ್ ವಿಷಯದಲ್ಲಿ ಮಾತ್ರ ರೇಡಿಯೇಟರು ನಂಬಿಕಸ್ಥ ಸಾಕ್ಷಿ. ಅದರ 20ರ ದಶಕದ ಸಣ್ಣ ಕಾರುಗಳಲ್ಲಿ ರೇಡಿಯೇಟರಿನ ಮುಖಕ್ಕೆ ಅಡ್ಡಲಾಗಿ ಗುಣಾಕಾರದ ಗುರುತಿನಂಥ ದೊಡ್ಡ ಶಿಲುಬೆ ಇರುತ್ತದೆ. ಅಂಚೆಚೀಟಿಯಷ್ಟು ಸಣ್ಣ ಚಿತ್ರದಲ್ಲೂ ಅದು ಕಾಣುತ್ತದೆ. ಅಮಿಲ್ಕಾರ್‌ನ ಲಾಂಛನ ರೆಕ್ಕೆಯ ಕುದುರೆ. ಆದರೆ ಪತ್ರಿಕಾ ಫೋಟೊದಲ್ಲಿ ಅದು ಬರೀ ಒಂದು ಚುಕ್ಕೆ, ಅದರ ಆಸೆ ಬಿಡಬೇಕು.

ಮುಂದಿನ ಬ್ರೇಕು ಕಾಲ ಹೇಳುತ್ತದೆ. ಅಮಿಲ್ಕಾರ್‌ನ ಮೊದಲ ಸಿಸಿ ಮಾದರಿ 1921ರದು, 903 ಸಿಸಿ ಎಂಜಿನ್, ಮುಂದಿನ ಗಾಲಿಗೆ ಬ್ರೇಕಿಲ್ಲ. 1924ರ ಸಿಜಿಎಸ್‌ಗೆ 1074 ಸಿಸಿ ಎಂಜಿನ್, ನಾಲ್ಕೂ ಗಾಲಿಗೆ ಬ್ರೇಕು. 1926ರ ಸಿಜಿಎಸ್‌ಎಸ್ ಅದನ್ನೇ ಇನ್ನಷ್ಟು ತಗ್ಗಿಸಿದ ಕಾರು. ಕೊನೆಯ ಎಸ್ ಎಂದರೆ ‘ತಗ್ಗಿಸಿದ್ದು’ ಎಂದೇ ಅರ್ಥ. ಈ ಕೊನೆಯ ಎರಡನ್ನು ಒಂದೇ ಫೋಟೊದಿಂದ ಬೇರ್ಪಡಿಸುವುದು ಕಷ್ಟ. ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ ಬಾನೆಟ್ಟಿನ ಎತ್ತರ ಅವನ ಯಾವ ಭಾಗಕ್ಕೆ ಬರುತ್ತದೆ ಎಂದು ಹೋಲಿಸಬಹುದು. ಇಲ್ಲದಿದ್ದರೆ ಎರಡೂ ಹೆಸರನ್ನು ಬರೆದು ಬಿಡುವುದೇ ಸರಿ. ಇನ್ನೊಂದು ಬಲೆ ಇದೆ: ಅಮಿಲ್ಕಾರನ್ನು ಪರವಾನಗಿ ಪಡೆದು ಜರ್ಮನಿಯಲ್ಲಿ ಪ್ಲೂಟೊ, ಆಸ್ಟ್ರಿಯಾದಲ್ಲಿ ಗ್ರೋಫ್ರಿ ಎಂಬ ಹೆಸರಿನಲ್ಲಿ ಕಟ್ಟುತ್ತಿದ್ದರು. ಕಾರು ಅಮಿಲ್ಕಾರಿನಂತೆಯೇ ಇದ್ದು, ಹಿನ್ನೆಲೆಯ ಅಂಗಡಿ ಫಲಕ ಜರ್ಮನ್ ಭಾಷೆಯದಾಗಿದ್ದರೆ ಸ್ವಲ್ಪ ತಡೆಯಿರಿ.

ಮೂರು ಗಾಲಿಯವುಗಳಲ್ಲಿ ಕೆಲಸ ಇನ್ನೂ ಸಲೀಸು. ಎರಡು ಸಿಲಿಂಡರಿನ ಎಂಜಿನ್ ಮುಂದಿನ ಗಾಲಿಗಳ ನಡುವೆ ಬಯಲಲ್ಲೇ ನೇತಾಡುತ್ತಿದ್ದರೆ ಮೊದಲು ದಾರ್ಮೋಂ ನೆನಪಾಗಬೇಕು. ಇಂಗ್ಲೆಂಡಿನ ಮಾರ್ಗನ್ ಕಾರಿಗೆ ಪರವಾನಗಿ ಪಡೆದು ಕೂರ್ಬ್‌ವ್ವಾದಲ್ಲಿ ಕಟ್ಟಿದ್ದು ಅದು. ಎಂಜಿನ್ ಕಾಣದೆ ಎದುರಿಗೆ ರೇಡಿಯೇಟರು ನಿಂತಿದ್ದರೆ ಒಳಗೆ ನಾಲ್ಕು ಸಿಲಿಂಡರು, ಆಗ ಸ್ಯಾಂಡ್‌ಫರ್ಡ್ ಅಥವಾ ದಿರ್ಸಾನ್. ಮುಂದಿನ ಗಾಲಿಗಳನ್ನು ಹಿಡಿದಿರುವುದು ಅಡ್ಡಲಾಗಿ ಹಾಸಿದ ಪ್ಲೇಟು ಕಮಾನುಗಳಾದರೆ ದಿರ್ಸಾನ್. ನೆಟ್ಟಗಿನ ಕಂಬಕ್ಕೆ ಸುರುಳಿ ಸ್ಪ್ರಿಂಗು ಇದ್ದರೆ ಸ್ಯಾಂಡ್‌ಫರ್ಡ್. ಇಷ್ಟು ಖಚಿತವಾದ ಗುರುತು ನಾಲ್ಕು ಗಾಲಿಯವುಗಳಲ್ಲಿ ಸಿಗುವುದು ಅಪರೂಪ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತ್ರಾಕ್ತಾ. ಝಾನ್ ಆಲ್ಬೇರ್ ಗ್ರೆಗ್ವಾರ್ ಮತ್ತು ಪಿಯೇರ್ ಫೆನಾಯ್ 1926ರಲ್ಲಿ ಮುಂದಿನ ಗಾಲಿಗಳಿಂದಲೇ ಎಳೆಯುವ ಸ್ಪೋರ್ಟ್ಸ್ ಕಾರು ಮಾಡಿದರು. ಗಾಲಿ ಅತ್ತಿತ್ತ ತಿರುಗಿದಾಗಲೂ ಅದಕ್ಕೆ ಎಂಜಿನ್ನಿನ ಬಲ ತಲುಪಲೆಂದು ರೂಪಿಸಿದ ಜಾಯಿಂಟನ್ನು ಮುಂದೆ ಎರಡನೇ ಮಹಾಯುದ್ಧದ ಜೀಪುಗಳಲ್ಲೂ ಬಳಸಿದರು. ತ್ರಾಕ್ತಾ ಫೋಟೊದಲ್ಲಿ ಎರಡು ಸಂಗತಿ ನೋಡಬೇಕು. ಮುಂದೆ, ಒಂದು ಗಾಲಿಯಿಂದ ಇನ್ನೊಂದಕ್ಕೆ ಅಡ್ಡ ಹಾಯುವ ಆಕ್ಸಲ್ ತೊಲೆ ಇಲ್ಲ. ಬ್ರೇಕ್ ಡ್ರಮ್ಮುಗಳು ಗಾಲಿಯ ಹತ್ತಿರವಿಲ್ಲ, ಒಳಗೆ ಗೇರ್ ಪೆಟ್ಟಿಗೆಯ ಎರಡು ಬದಿಗೆ ಕೂತಿವೆ. ಹಿಂದಕ್ಕೆ ಹೋಗುವ ಶಾಫ್ಟು ಇಲ್ಲದ್ದರಿಂದ ಮೈ ನೆಲಕ್ಕೆ ತಾಗುವಷ್ಟು ಕೆಳಗಿದೆ. ಬಾನೆಟ್ಟು ಅಳತೆ ಮೀರಿ ಉದ್ದ. ಒಮ್ಮೆ ನೋಡಿದವರು ಮತ್ತೆ ಮರೆಯುವ ಕಾರಲ್ಲ ಅದು. ಆದರೂ ಅದನ್ನು ದೊಡ್ಡ ಹೆಸರಿನ ಕಾರುಗಳ ಗುಂಪಿಗೆ ಸೇರಿಸಿಬಿಡುತ್ತಾರೆ.

ಗಾಲಿಯೇ ಅಳತೆಗೋಲು

ಚಿತ್ರದಲ್ಲಿ ಅಳತೆಪಟ್ಟಿ ಇರುವುದಿಲ್ಲ, ಟೈರು ಇರುತ್ತದೆ. ಆ ಕಾಲದ ಟೈರಿನ ಮೇಲೆ 710×90 ಎಂದು ಬರೆದಿದ್ದರೆ ಹೊರಗಿನ ವ್ಯಾಸ 710 ಮಿಲಿಮೀಟರು, ದಪ್ಪ 90. ಬ್ರೆಶಾ ಬುಗಾಟಿಗಳಿಗೆ ಇದೇ ಟೈರು. ಆ ಕಾರು ಮೂರು ಉದ್ದದಲ್ಲಿ ಬರುತ್ತಿತ್ತು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಟೈಪ್ 13ರಲ್ಲಿ 2 ಮೀಟರು, ಟೈಪ್ 22ರಲ್ಲಿ 2.4, ಟೈಪ್ 23ರಲ್ಲಿ 2.55. ಇದನ್ನು ಟೈರಿನ ವ್ಯಾಸದಿಂದ ಭಾಗಿಸಿದರೆ ಕ್ರಮವಾಗಿ 2.82, 3.38, 3.59. ಪಕ್ಕದಿಂದ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಪಿಕ್ಸೆಲ್ ಎಣಿಸಿದರೆ ಈ ಅನುಪಾತ ಸಿಗುತ್ತದೆ. ಟೈಪ್ 13 ಉಳಿದೆರಡರಿಂದ ಕೂಡಲೇ ಬೇರೆಯಾಗುತ್ತದೆ.

ತಪ್ಪುವುದು ಉಳಿದೆರಡರ ನಡುವೆ. ಕಾರು ಕ್ಯಾಮೆರಾಕ್ಕೆ ನೇರ ಪಕ್ಕವಾಗಿರದೆ 20 ಡಿಗ್ರಿ ತಿರುಗಿದ್ದರೆ ಚಿತ್ರದಲ್ಲಿ ಉದ್ದ ಶೇಕಡ 6ರಷ್ಟು ಕುಗ್ಗುತ್ತದೆ. 2.55 ಮೀಟರಿನ ಕಾರು 2.4ರದ್ದಾಗಿ ಕಾಣಲು ಅಷ್ಟೇ ಸಾಕು. ಉಪಾಯವೂ ಗಾಲಿಯಲ್ಲೇ ಇದೆ. ಕಾರು ತಿರುಗಿದಾಗ ಗಾಲಿಯ ಎತ್ತರ ಹಾಗೇ ಉಳಿಯುತ್ತದೆ, ಅಗಲ ಮಾತ್ರ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಆದ್ದರಿಂದ ಟೈರನ್ನು ಮೇಲಿನಿಂದ ಕೆಳಕ್ಕೆ ಅಳೆಯದೆ ಎಡದಿಂದ ಬಲಕ್ಕೆ ಅಳೆಯಿರಿ. ಅಂಶ ಛೇದ ಎರಡೂ ಒಟ್ಟಿಗೆ ಕುಗ್ಗಿರುವುದರಿಂದ ಅನುಪಾತ ತನ್ನಷ್ಟಕ್ಕೆ ಸರಿಹೋಗುತ್ತದೆ. ಅಳೆಯಬೇಕಾದದ್ದು ಹಿಂದಿನ ಗಾಲಿಯನ್ನು. ಮುಂದಿನದು ಸ್ಟೀರಿಂಗಿನ ಜೊತೆ ತಿರುಗಿರಬಹುದು. ಒಂದು ಗಾಲಿ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಕ್ಯಾಮೆರಾ ತೀರಾ ಹತ್ತಿರವಿತ್ತೆಂದು ಅರ್ಥ. ಅಂಥ ಚಿತ್ರ ಈ ಲೆಕ್ಕಕ್ಕೆ ಬಾರದು. ಲಾರ್ತಿಗ್ ಚಿತ್ರದಂತೆ ಸೊಟ್ಟಾದದ್ದೂ ಬಾರದು. ಮಿಶಲಿನ್ ಕಂಪನಿ 1923ರಲ್ಲಿ ಕಡಿಮೆ ಗಾಳಿಯ ದಪ್ಪ ಟೈರು ತಂದ ಮೇಲೆ ಹಳೆಯ ಕಾರುಗಳಿಗೂ ಅವನ್ನು ಹಾಕಿಸಿಕೊಂಡವರಿದ್ದರು. ಟೈರು ದಪ್ಪಗೆ ಕಂಡರೆ 710 ಎಂಬ ಅಂಕಿಯನ್ನೇ ಕೈಬಿಡಬೇಕು.

ಅಂಕಿಗಳು

ನಂಬರ್ ಪ್ಲೇಟು ಕಾರಿನ ಹೆಸರು ಹೇಳುವುದಿಲ್ಲ, ಕಾಲ ಮತ್ತು ಊರು ಹೇಳುತ್ತದೆ. 1928ಕ್ಕೆ ಮುಂಚೆ ಅಂಕಿಗಳ ನಂತರ ಒಂದೇ ಅಕ್ಷರ, ಅದರ ಪಕ್ಕ ಒಂದು ಅಂಕಿ ಬರಬಹುದು. ಇ, ಜಿ, ಐ, ಯು, ಎಕ್ಸ್ ಪ್ಯಾರಿಸಿನವು. 1928ರಿಂದ ಎರಡು ಅಕ್ಷರಗಳು ಬಂದವು, ಪ್ಯಾರಿಸ್ ಇರುವ ಸೆನ್ ಜಿಲ್ಲೆಯವು ಆರ್ ಅಕ್ಷರದಿಂದ ಶುರು. 1950ರ ಏಪ್ರಿಲಿನಿಂದ 2009ರವರೆಗೆ ಕೊನೆಯ ಎರಡು ಅಂಕಿ ಜಿಲ್ಲೆಯ ಸಂಖ್ಯೆ: 75 ಎಂದರೆ ಪ್ಯಾರಿಸ್ ಕಡೆಯದು, 06 ನೀಸ್ ಕಡೆಯದು, 76 ದಿಯೆಪ್ ಇರುವ ಜಿಲ್ಲೆ. ಕಾರು ಬೇರೆ ಜಿಲ್ಲೆಗೆ ಹೋದರೆ ಹೊಸ ನಂಬರು ಪಡೆಯಬೇಕಿತ್ತು. ಅಂದರೆ 1950ರ ನಂತರದ ಪ್ಲೇಟು ಇದ್ದ ಮಾತ್ರಕ್ಕೆ ಕಾರು ಆಮೇಲಿನದಲ್ಲ. ಫೋಟೊ ಮಾತ್ರ ಆಮೇಲಿನದು. ನೂರಕ್ಕೆ ನೂರು ನಂಬಬಹುದಾದ ದಿಕ್ಕು ಇದೊಂದೇ. ಪ್ಲೇಟಿನಲ್ಲಿ ಡಬ್ಲ್ಯು ಇದ್ದರೆ ಅದು ಕಾರ್ಖಾನೆ ಅಥವಾ ಗ್ಯಾರೇಜಿನವರು ಪರೀಕ್ಷೆಗೆಂದು ಕಾರಿನಿಂದ ಕಾರಿಗೆ ಬದಲಿಸುವ ನಂಬರು, ಅದರಿಂದ ನಿರ್ದಿಷ್ಟ ಕಾರನ್ನು ಹಿಡಿಯಲಾಗದು.

ರೇಸಿನ ಅಂಕಿ ಇದಕ್ಕಿಂತ ಬಲವಾದ ಸಾಕ್ಷಿ. 1922ರಲ್ಲಿ ಶುರುವಾದ ಬೋಲ್ ದೋರ್ ರೇಸು 1100 ಸಿಸಿ ಒಳಗಿನ ಸಣ್ಣವರದೇ ಹಬ್ಬ. 24 ಗಂಟೆ, ಒಬ್ಬನೇ ಚಾಲಕ. ಮೊದಲ ವರ್ಷ ಕಾರುಗಳಲ್ಲಿ ಗೆದ್ದದ್ದು ಅಮಿಲ್ಕಾರ್ ಓಡಿಸಿದ ಆಂದ್ರೆ ಮೊರೆಲ್. ‘ಲೋತೊ’ ದಿನಪತ್ರಿಕೆಯ ಹಳೆಯ ಸಂಚಿಕೆಗಳೂ ಗಾಲಿಕಾದಲ್ಲೇ ಇವೆ. ಚಿತ್ರದ ದಿನಾಂಕ ಸಿಕ್ಕರೆ ಆ ವಾರದ ಪುಟಗಳಲ್ಲಿ ಯಾವ ಅಂಕಿ ಯಾರದೆಂಬ ಪಟ್ಟಿ ಹುಡುಕಬಹುದು. ದಿನಾಂಕ ಸಿಗದಿದ್ದರೆ ಹಿನ್ನೆಲೆಯನ್ನು ಕೇಳಬೇಕು. ಗೋಡೆಯಂತೆ ಏರುವ ಕಾಂಕ್ರೀಟು ತಿರುವು ಕಂಡರೆ ಪ್ಯಾರಿಸ್ ಬಳಿಯ ಮೋಂಲೇರಿ ಇರಬಹುದು. ಅದು ತೆರೆದದ್ದು 1924ರ ಅಕ್ಟೋಬರಿನಲ್ಲಿ, ಅದಕ್ಕೆ ಮುಂಚಿನ ಚಿತ್ರ ಅಲ್ಲಿ ಸಾಧ್ಯವಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ರೇಸಿಗೆ ಬಂದಿರುವುದಿಲ್ಲ, ಕೊನೆ ಗಳಿಗೆಯಲ್ಲಿ ಅಂಕಿ ಬದಲಾದದ್ದೂ ಉಂಟು. ಆದ್ದರಿಂದ ಪಟ್ಟಿಯ ಜೊತೆ ಮರುದಿನದ ವರದಿಯನ್ನೂ ಓದಬೇಕು. ಏಜೆನ್ಸಿಯವರು ಪ್ಲೇಟಿನ ಮೇಲೆ ಕೈಯಲ್ಲಿ ಬರೆದ ಸಾಲು ಅಮೂಲ್ಯ, ಆದರೆ ಅದೂ ಅವಸರದಲ್ಲಿ ಬರೆದದ್ದೇ.

ಪ್ಲಾಸ್ಟಿಕ್ ಮೈಯ ಕಾಲ

ಎರಡನೇ ಯುದ್ಧದ ನಂತರ ಇದೇ ಕತೆ ಬೇರೆ ಬಟ್ಟೆ ತೊಟ್ಟು ಬಂತು. ಆಗ ದೊಡ್ಡ ಹೆಸರು ಆಲ್ಪೀನ್. ಸಣ್ಣದಾಗಿ, ನುಣುಪಾಗಿ, ಫೈಬರ್ ಮೈಯಲ್ಲಿ ಕಂಡದ್ದೆಲ್ಲ ಆಲ್ಪೀನ್ ಆಗಿಬಿಡುತ್ತದೆ. ಡಿಬಿ, ಸೆಜೆ, ರೆನೆ ಬೊನೆ, ಅರಿಸ್ತಾ ಹೆಸರುಗಳು ಕರಗಿಹೋಗುತ್ತವೆ. ಹೋಲಿಕೆಗೆ ಕಾರಣವೂ ಇದೆ: 1955ರ ಆಲ್ಪೀನ್ ಎ106 ಮತ್ತು ಡಿಬಿಯ ಎಚ್‌ಬಿಆರ್, ಎರಡಕ್ಕೂ ಫೈಬರ್ ಮೈ ಮಾಡಿಕೊಟ್ಟವರು ಶಾಪ್ ಸಹೋದರರೇ. ಅವರೇ ಮುಂದೆ ಸಿಮ್ಕಾ ಭಾಗಗಳ ಮೇಲೆ ಸೆಜೆ ಎಂಬ ತಮ್ಮದೇ ಕಾರು ತಂದರು.

ಇಲ್ಲೂ ಮೂಳೆಯೇ ದಾರಿ. ಡಿಬಿಯ ಒಳಗಿರುವುದು ಪನಾರ್ ಕಂಪನಿಯ ಯಂತ್ರ: ಮುಂದೆ ಎರಡು ಸಿಲಿಂಡರಿನ ಮಲಗಿದ ಎಂಜಿನ್, ಅದು ಮುಂದಿನ ಗಾಲಿಗಳನ್ನೇ ತಿರುಗಿಸುತ್ತದೆ. ಹಾಗಾಗಿ ಮೂತಿ ಮುಂದಿನ ಗಾಲಿಯನ್ನು ದಾಟಿ ಬಹಳ ಮುಂದೆ ಚಾಚಿಕೊಂಡಿದೆ, ಗಾಳಿ ಹೋಗುವ ಬಾಯಿ ಮುಂದಿದೆ. ಆಲ್ಪೀನಿನಲ್ಲಿ ರೆನೋ ಎಂಜಿನ್ ಹಿಂದಿನ ಗಾಲಿಗೂ ಹಿಂದೆ ಕೂತಿದೆ, ಗಾಳಿಗಂಡಿಗಳು ಹಿಂಭಾಗದಲ್ಲಿವೆ. ಡ್ಜೆಟ್ ಎಂಬ ಕಾರಿನಲ್ಲಿ ಎಂಜಿನ್ ನಡುವೆ. 1962ರಲ್ಲಿ ರೆನೆ ಬೊನೆ ಹೆಸರಲ್ಲಿ ಬಂದು, ಮುಂದೆ ಮಾತ್ರಾ ಕಂಪನಿಯ ಕೈಗೆ ಹೋದದ್ದು ಅದು. ಗಗನಯಾತ್ರಿ ಯೂರಿ ಗಗಾರಿನ್ ಅವರ ಪಕ್ಕದಲ್ಲಿ ಕಾಣುವ ಗಿಡ್ಡನೆಯ ಫ್ರೆಂಚ್ ಕಾರು ಅದೇ ಮಾತ್ರಾ ಡ್ಜೆಟ್, 1965ರಲ್ಲಿ ಅವರಿಗೆ ಉಡುಗೊರೆಯಾಗಿ ಸಿಕ್ಕಿದ್ದು.

ಗಾಲಿಗೆ ಮೂರೇ ನಟ್ಟು ಇದ್ದರೆ ರೆನೋ ಎನ್ನುವ ಅಭ್ಯಾಸ ಹಲವರಿಗಿದೆ. ರೆನೋ ಎಂಜಿನ್ನಿನ ಆಲ್ಪೀನ್ ಎ110ಕ್ಕೆ ಮೂರು ನಟ್ಟು, ನಿಜ. ಸಿತ್ರೋಯೆನ್ 2ಸಿವಿಗೂ ಮೂರೇ, ಪೆಜೊ 404ಕ್ಕೂ ಮೂರೇ. ಮೂರು ನಟ್ಟಿನಿಂದ ಫ್ರಾನ್ಸ್ ಎಂಬ ಊಹೆ ಗಟ್ಟಿಯಾಗುತ್ತದೆ, ಕಂಪನಿ ಯಾವುದೆಂದು ಗೊತ್ತಾಗುವುದಿಲ್ಲ.

ಇಲ್ಲದ್ದನ್ನು ತುಂಬುವ ಯಂತ್ರ

ಈಗಿನ ಅಪಾಯ ಮಸುಕು ಚಿತ್ರವನ್ನು ಚುರುಕುಗೊಳಿಸುವ ಸಾಫ್ಟ್‌ವೇರ್. ಇದರ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಮೂಲದಲ್ಲಿ ನಾಲ್ಕು ಪಿಕ್ಸೆಲ್ಲಿನ ಬೂದು ಕಲೆಯಾಗಿದ್ದ ಲಾಂಛನ, ಅದರ ಕೈಯಲ್ಲಿ ಅಂಡಾಕಾರದ ಗರಿಗರಿ ಬಿಲ್ಲೆಯಾಗುತ್ತದೆ. ಗಾಳಿಗಂಡಿಗಳ ಎರಡು ಸಾಲು ಮೂರಾಗುತ್ತದೆ. ಅದು ಕಲಿತ ಚಿತ್ರಗಳಲ್ಲಿ ಹೆಸರುವಾಸಿ ಕಾರುಗಳೇ ಹೆಚ್ಚಿದ್ದರೆ ತುಂಬುವುದೂ ಅವುಗಳ ಹೋಲಿಕೆಯನ್ನೇ. ಇಷ್ಟು ಕಾಲ ಕೆಡದೆ ಉಳಿದಿದ್ದ ಎಣಿಕೆಯೇ ಹೀಗೆ ಕೆಡುತ್ತದೆ. ಗುರುತಿಸಲು ಕೂತಾಗ ಸಿಕ್ಕಿದ್ದರಲ್ಲಿ ಅತ್ಯಂತ ಹಳೆಯ, ಯಾರೂ ತಿದ್ದದ ಪ್ರತಿಯನ್ನೇ ತೆರೆಯಬೇಕು, ಎಷ್ಟೇ ಮಸುಕಾಗಿರಲಿ. ಬೆಳಕು ನೆರಳಿನ ಅಂತರವನ್ನು ಹೆಚ್ಚು ಕಡಿಮೆ ಮಾಡಿ ನೋಡಬಹುದು. ಗಾಲಿಯ ಹಿಂದಿನ ಕತ್ತಲೆಯಲ್ಲಿ ಅಡಗಿದ ಕಮಾನು ಹಾಗೆಯೇ ಹೊರಬರುತ್ತದೆ.

ಇನ್ನು ಬರೆಯುವುದು. ಚಿತ್ರದ ಕೆಳಗಿನ ಸಾಲಿನಲ್ಲಿ ಹೆಸರಿನ ಜೊತೆ ಆ ಹೆಸರಿಗೆ ಬಂದ ದಾರಿಯೂ ಇರಲಿ. ನಾಳೆ ಇನ್ನೊಬ್ಬರು ಅದನ್ನು ಪರೀಕ್ಷಿಸಿ ಒಪ್ಪಲು ಅಥವಾ ಅಲ್ಲಗಳೆಯಲು ಅದರಿಂದ ಅನುಕೂಲ. ಹೀಗೆ: ‘ಅಮಿಲ್ಕಾರ್, ಸಿಜಿಎಸ್ ಅಥವಾ ಸಿಜಿಎಸ್‌ಎಸ್. ಹಿಂದೆ ಕಾಲು ಕಮಾನು, ಗಾಲಿಯ ಮುಂದಿನಿಂದ ಬಂದಿದೆ. ಮುಂದಿನ ಗಾಲಿಗೂ ಬ್ರೇಕು. ಹಿನ್ನೆಲೆಯಲ್ಲಿ ಮೋಂಲೇರಿಯ ತಿರುವು, ಆದ್ದರಿಂದ 1924ರ ಅಕ್ಟೋಬರಿನ ನಂತರದ್ದು. ಚಿತ್ರ ಕನ್ನಡಿಯಂತೆ ತಿರುಗಿತ್ತು, ನೇರ ಮಾಡಿದೆ. ರೇಸಿನ ನಂಬರಿನ ಎರಡನೇ ಅಂಕಿ ಓದಲಾಗದಷ್ಟು ಮಾಸಿದೆ.’